ಗಂಟಿನಾಚೆ ಒಂದು ಗೇಣು

ಹೋದ ಸೋಮವಾರ ಮಹಡಿಯ ಮೇಲೆ ಬಟ್ಟೆ ಒಣಹಾಕುವ ನೈಲಾನ್ ಹಗ್ಗ ಕಿತ್ತು ಬಿತ್ತು. ಹಿಂದುಗಡೆ ಅಪಾರ್ಟ್‌ಮೆಂಟಿನ ಕೆಲಸ ಶುರುವಾದಾಗಿನಿಂದ ನಮ್ಮ ಮಹಡಿಯ ಮೇಲೆ ಸಿಮೆಂಟಿನ ಧೂಳು ಹಿಟ್ಟು ಜರಡಿ ಹಿಡಿದಂತೆ ಸುರಿದಿರುತ್ತದೆ. ಒಗೆದ ಸೀರೆ, ಪಂಚೆ, ಹೊದಿಕೆ ಎಲ್ಲವೂ ಅದರ ಪಾಲಾಯಿತು. ಪೂಜೆಯ ಮಡಿಬಟ್ಟೆ ಮೊದಲೇ ಒಣಗಿ ಒಳಗೆ ಹೋಗಿತ್ತು, ಶಿವ ಅಷ್ಟಾದರೂ ಉಳಿಸಿದ ಎಂದುಕೊಂಡು ಬೇರೆ ಹಗ್ಗ ಹುಡುಕಲು ಅಟ್ಟಕ್ಕೆ ಕೈ ಹಾಕಿದೆ. ಗೌರಿ ಹಬ್ಬದ ಸಾಮಾನಿನ ಹಿಂದೆ, ಒಂದು ಗೋಣಿಚೀಲದೊಳಗೆ ಸುತ್ತಿ ಇಟ್ಟ ಹಸುವಿನ ಹಗ್ಗ ಸಿಕ್ಕಿತು.

ಬಿಚ್ಚಿದ ಕೂಡಲೇ ವಾಸನೆ ಬಂತು. ಹುಲ್ಲು, ಸಗಣಿ, ಅದರ ಮೇಲೆ ಒಂದಿಷ್ಟು ಡೀಸೆಲ್ಲು. ಹಗ್ಗದ ತುದಿಯಿಂದ ಒಂದು ಗೇಣು ಈಚೆಗೆ ಒಂದು ಬಿಗಿಯಾದ ಗಂಟು. ಗಂಟಿನ ಸಂದಿಯಲ್ಲಿ ಕುಂಕುಮದ ಕಲೆ ಇನ್ನೂ ಇತ್ತು... ಅಲ್ಲೇ, ಅಟ್ಟದ ಕೆಳಗೆ ಸ್ಟೂಲಿನ ಮೇಲೆ ಕೂತುಬಿಟ್ಟೆ. ಆ ಗಂಟು ಹಾಕಿದ ಕೈ ನನ್ನ ಕಣ್ಣ ಮುಂದೆ ಬಂತು.

ಅವರನ್ನು ನಾವು ಹೊಲದಮ್ಮ ಎಂದೇ ಕರೆಯುತ್ತಿದ್ದುದು. ನಾವು ದಾವಣಗೆರೆ ಕಡೆಯವರು. ನಮ್ಮ ಯಜಮಾನರು ರಾಜಾಜಿನಗರದ ಕೈಗಾರಿಕಾ ಬಡಾವಣೆಯ ಒಂದು ಲೇತ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಬಾಡಿಗೆ ಮನೆಯಲ್ಲೇ ಅರ್ಧ ಆಯುಷ್ಯ ಕಳೆದು, ಕೊನೆಗೆ ಹೇರೋಹಳ್ಳಿಯಲ್ಲಿ ಒಂದು ಸೈಟು ತೆಗೆದುಕೊಂಡು ಮನೆ ಕಟ್ಟಿಕೊಂಡೆವು. ಗೃಹಪ್ರವೇಶದ ದಿನ ಅಡುಗೆಮನೆಯ ಕಿಟಕಿ ತೆಗೆದರೆ ಹಿಂದೆ ರಾಗಿ ಹೊಲ! ಸುತ್ತ ನಾಲ್ಕೂ ಕಡೆ ಮನೆ, ನೀರಿನ ಟ್ಯಾಂಕು, ಕೇಬಲ್ ತಂತಿ. ನಡುವೆ ಅಂಗೈಯಗಲದ ಹಸಿರು. ಅದರಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕಳೆ ಕೀಳುತ್ತಿದ್ದ ಹೆಂಗಸು ತಲೆಯೆತ್ತಿ, "ಒಸಾ ಮನೇವ್ರಾ? ಕಸ ಇತ್ತ ಎಸೀಬ್ಯಾಡಿ ತಾಯಿ, ಅಷ್ಟೇ ನಾನ್ ಕೇಳಾದು" ಎಂದರು. ಅದೇ ನಮ್ಮ ಮೊದಲ ಮಾತು.

ಮುಂದಿನ ಚಳಿಗಾಲಕ್ಕೆ ಅದೇ ಕಿಟಕಿಯಿಂದ ಸೊಗಡಿನ ಅವರೆಕಾಯಿ ಒಂದು ಮೊರ ಒಳಗೆ ಬಂತು. ರಾಗಿಯ ನಡುವೆ ಅಲ್ಲಲ್ಲಿ ಒಂದೊಂದು ಸಾಲು ಅವರೆ ಹಾಕುತ್ತಿದ್ದರು, ಅದಕ್ಕೆ ಅಕ್ಕಡಿ ಸಾಲು ಎನ್ನುವುದು ಎಂದು ಅವರಿಂದಲೇ ತಿಳಿದದ್ದು. ಪೇಟೆಯ ಅವರೆಕಾಯಿಗೆ ಆ ಅಂಟು, ಆ ಪರಿಮಳ ಎಲ್ಲಿಂದ ಬರಬೇಕು... ಕಾಯಿ ಸುಲಿದ ಮೇಲೆ ಕೈ ತೊಳೆಯಲು ಮನಸ್ಸಾಗುತ್ತಿರಲಿಲ್ಲ.

ಅವರ ಮನೆ ಓಣಿಯ ಈ ಬಾಯಿಯಲ್ಲಿ, ಹೊಲ ಆ ಬಾಯಿಯಲ್ಲಿ. ನಡುವಿನ ಓಣಿಗೆ ಒಂದು ಕಡೆ ನಮ್ಮ ಕಾಂಪೌಂಡು, ಇನ್ನೊಂದು ಕಡೆ ಎದುರು ಮನೆಯವರದು. ನಮ್ಮ ಗೋಡೆಯ ಬುಡದಲ್ಲಿ ಒಂದು ಮೊಣಕಾಲೆತ್ತರದ ಕಲ್ಲಿತ್ತು. ಮುನೇಶ್ವರ. ಊರವರ ಬಾಯಲ್ಲಿ ಮುನಿಯಪ್ಪ. ನಮ್ಮ ಗೋಡೆಗಿಂತ, ನಮ್ಮ ಬಡಾವಣೆಗಿಂತ ಹಳೆಯ ಕಲ್ಲು. ಗೋಡೆ ಕಟ್ಟುವಾಗ ಮೇಸ್ತ್ರಿ ಅದನ್ನು ಮುಟ್ಟಲು ಒಪ್ಪದೆ ಒಂದಿಷ್ಟು ಒಳಗೆ ಸರಿದು ಕಟ್ಟಿದ್ದ. ನಮ್ಮ ಮನೆತನದಲ್ಲಿ ಕೊರಳಿನ ಇಷ್ಟಲಿಂಗ ಬಿಟ್ಟು ಹೊರಗಿನ ಕಲ್ಲಿಗೆ ಕೈ ಮುಗಿಯುವ ರೂಢಿಯಿಲ್ಲ. ಆದರೂ ದಿನವೂ ಆ ಕಲ್ಲಿಗೆ ದೀಪ ಇಡುವ ಹೊಲದಮ್ಮನನ್ನು ನೋಡಿ ನೋಡಿ, ಪೂಜೆಯಲ್ಲಿ ಮಿಕ್ಕ ಒಂದು ಹೂವನ್ನು ನಾನೂ ಅಲ್ಲಿಡತೊಡಗಿದೆ. ಮೇಲಿರುವವನು ಒಬ್ಬನೇ ಅಲ್ಲವೇ, ಅವನು ತಪ್ಪು ತಿಳಿಯಲಾರ ಎಂದುಕೊಂಡೆ.

ಆ ಕಲ್ಲಿನ ಮುಂದೆ ಒಂದು ಆಣೆ ನಡೆದಿತ್ತು. ನಾವು ಬರುವುದಕ್ಕೂ ಮುಂಚಿನ ಮಾತು. ಹೊಲದಮ್ಮನ ಗಂಡ ತೀರಿಕೊಂಡಾಗ ಕಾಗದದಲ್ಲಿ ಆ ಹೊಲ ಮೈದುನನ ಮಗನ ಹೆಸರಿನಲ್ಲಿತ್ತು. ಅಣ್ಣತಮ್ಮಂದಿರು ಹಂಚಿಕೊಂಡ ಕಾಲದಲ್ಲಿ ಹೇಗೋ ಹಾಗಾಗಿತ್ತು, ಉಳುವವರು ಮಾತ್ರ ಇವರು. ತಿಥಿಯ ಊಟ ಮುಗಿದ ಮೇಲೆ ಊರಿನ ಹಿರಿಯರ ಎದುರು ಆ ಹುಡುಗ ಕಲ್ಲಿನ ಮೇಲೆ ಕೈಯಿಟ್ಟು, "ದೊಡ್ಡವ್ವ ಬಿತ್ತೋ ಗಂಟ ಈ ಹೊಲದ ಸುದ್ದಿಗೆ ನಾನ್ ಬರಾಕಿಲ್ಲ. ಬೀಳು ಬಿದ್ದ ವರ್ಷ ನಂದು. ಮುನಿಯಪ್ಪನಾಣೆ" ಎಂದನಂತೆ. ಹೊಲದಮ್ಮನೂ ಕೈಯಿಟ್ಟು ಒಪ್ಪಿದ್ದರು. ಕೋರ್ಟಿಲ್ಲ, ಕಚೇರಿಯಿಲ್ಲ. ಇಬ್ಬರ ನಡುವೆ ಇದ್ದದ್ದು ಆ ಒಂದು ಕಲ್ಲು.

ಆಗ ಅವರಿಗೆ ಅದು ಭಾರವೆನಿಸಿರಲಿಲ್ಲ. ಬಿತ್ತುವುದೇನು ಮಹಾ, ಉಸಿರಾಡಿದ ಹಾಗೆ ವರ್ಷ ವರ್ಷ ಬಿತ್ತುತ್ತಿದ್ದರು. ಬ್ಯಾಡರಹಳ್ಳಿ ಕಡೆಯ ಒಬ್ಬರು ಎತ್ತು ತಂದು ಉತ್ತು ಕೊಡುತ್ತಿದ್ದರು. ಗಂಡ ಸಾಯುವ ಮುನ್ನ ಕೊಂಡಿದ್ದ ಒಂದು ಹಳೆಯ ಪುಟ್ಟ ಟ್ರ್ಯಾಕ್ಟರ್ ಇತ್ತು, ತೋಟದಲ್ಲಿ ಓಡಿಸುವಂಥದ್ದು. ಗೊಬ್ಬರ, ಹುಲ್ಲು ಸಾಗಿಸಲು ಅದನ್ನು ಹೊಲದಮ್ಮನೇ ಓಡಿಸುತ್ತಿದ್ದರು. ಮೊದಲ ಸಲ ನೋಡಿದಾಗ ನಾನು ಬಾಯಿ ಬಿಟ್ಟುಕೊಂಡು ನಿಂತಿದ್ದೆ. "ಏನ್ ತಾಯಿ ಅಂಗ್ ನೋಡ್ತೀಯ? ಗಂಡನ್ನೇ ಸಂಬಾಳಿಸಿದೋಳು, ಇದ್ಯಾವ ಲೆಕ್ಕ" ಎಂದು ನಕ್ಕಿದ್ದರು.

ಆಮೇಲೆ ಒಂದು ವರ್ಷ ಬ್ಯಾಡರಹಳ್ಳಿಯವರು ಎತ್ತು ಮಾರಿಬಿಟ್ಟರು. ಕಟ್ಟಲು ಜಾಗವಿಲ್ಲ, ಮೇವಿಲ್ಲ, ಅವರನ್ನು ತಪ್ಪೆನ್ನಲಾಗದು. ಸುತ್ತಮುತ್ತ ಎಲ್ಲಿ ವಿಚಾರಿಸಿದರೂ ಎತ್ತಿಲ್ಲ. ಬಾಡಿಗೆಯ ಟ್ರ್ಯಾಕ್ಟರುಗಳು ದೊಡ್ಡವು, ಓಣಿಯ ಬಾಯಿಗೇ ಬರುವುದಿಲ್ಲ. ಇತ್ತ ಹೊಲದ ನೆಲವೂ ಮೊದಲಿನಂತೆ ಇರಲಿಲ್ಲ. ಬೇಸಿಗೆಯಲ್ಲಿ ಹುಡುಗರು ಅದರಲ್ಲಿ ಕ್ರಿಕೆಟ್ ಆಡಿ ಆಡಿ, ಪಕ್ಕದ ಬೀದಿಯವರು ತಮ್ಮ ಹಿಂಬದಿಯ ಗೋಡೆಯ ಮೇಲಿಂದ ಕಟ್ಟಡದ ಸಾಮಾನು ಇಳಿಸಿ ಇಳಿಸಿ ರಸ್ತೆಯಂತೆ ಗಟ್ಟಿಯಾಗಿತ್ತು. ಪುಟ್ಟ ಟ್ರ್ಯಾಕ್ಟರಿಗೆ ಹಳೆಯ ಕುಂಟೆ ಕಟ್ಟಿ ಎಳೆದು ನೋಡಿದರು, ಅದು ಮೇಲೆ ಮೇಲೆ ಗೀಚಿಕೊಂಡು ಹೋಯಿತು, ಅಷ್ಟೇ.

"ರೋಟವೇಟರ್ ಹಾಕಿಸಿ ಅಮ್ಮ. ತಿರುಗೋ ಬ್ಲೇಡು, ಗಟ್ಟಿ ನೆಲಾನೂ ಪುಡಿ ಮಾಡುತ್ತೆ. ನಿಮ್ಮ ಗಾಡಿಗೆ ಹೊಂದೋ ಅಂಥದ್ದು ಚಿಕ್ಕದು ಸಿಗ್ತದೆ" ಎಂದು ನಮ್ಮ ಯಜಮಾನರೇ ಹೇಳಿದ್ದು. ಯಂತ್ರ ಎಂದರೆ ಅವರಿಗೆ ಮನೆಮಾತು. ಹೊಲದಮ್ಮ, "ಅದ್ರಲ್ಲಿ ಸಾಲ್ ಬರಾಕಿಲ್ವಲ್ಲಪ್ಪ" ಎಂದರು. ನೇಗಿಲಿನದು ಸಾಲು, ಇದರದು ಬರೀ ಪುಡಿ. ಅಕ್ಕಡಿ ಸಾಲು ಎಲ್ಲಿ ಎಳೆಯುವುದು ಎಂಬುದು ಅವರ ಚಿಂತೆ. ಕೊನೆಗೆ, "ಆಗ್ಲಿ, ಸಾಲು ನಾನು ಗುದ್ಲೀಲಿ ಎಳ್ಕೊತೀನಿ. ಬೀಳು ಬೀಳ್ದಂಗ್ ಆದ್ರೆ ಸಾಕು" ಎಂದು ಒಪ್ಪಿದರು.

ಅಂಗಡಿಗೆ ಹೋಗುವ ಹಿಂದಿನ ದಿನ ಓಣಿಯ ಅಳತೆ ತೆಗೆದುಕೊಂಡರು. ನಮ್ಮಲ್ಲಿ ಟೇಪು ಇತ್ತು, ಕೊಡುತ್ತೇನೆ ಎಂದೆ. "ಟೇಪ್ ನಂಗ್ ತಿಳ್ಯಾಕಿಲ್ಲ, ಅಗ್ಗ ತಿಳೀತದೆ" ಎಂದು ಹಸುವಿನ ಹಗ್ಗ ತಂದರು. ಹಸು ಹೋಗಿ ಬಹಳ ಕಾಲವಾಗಿತ್ತು, ಹಗ್ಗ ಇತ್ತು. ಓಣಿಯಲ್ಲಿ ಎಲ್ಲಕ್ಕಿಂತ ಇಕ್ಕಟ್ಟಾದ ಜಾಗ ಮುನಿಯಪ್ಪನ ಎದುರು. ಎದುರು ಮನೆಯ ಗೋಡೆಯಿಂದ ಕಲ್ಲಿನ ತನಕ ಹಗ್ಗ ಎಳೆಯಲು ಒಂದು ತುದಿ ನನ್ನ ಕೈಗೆ ಕೊಟ್ಟರು. ಕಲ್ಲಿಗೆ ಮುಟ್ಟುವಷ್ಟಕ್ಕೆ ಹಗ್ಗ ಕತ್ತರಿಸಿದರು. ಆಮೇಲೆ ತುದಿಯಿಂದ ಗೇಣು ಹಾಕಿ, ಅಷ್ಟು ಈಚೆಗೆ ಈ ಗಂಟು ಬಿಗಿದರು.

"ಇದ್ಯಾಕಮ್ಮ?" ಎಂದೆ.

"ಕಬ್ಬಿಣ ಮುನಿಯಪ್ಪನ್ ಮೈಗೆ ಸೋಕ್ಬಾರ್ದು ಕಣ್ ತಾಯಿ. ಒಂದ್ ಗೇಣಾದ್ರೂ ದೂರ ಇರ್ಬೇಕು. ಗಂಟು ದಾಟಿದ್ದು ನಂಗ್ ಬ್ಯಾಡ."

ಅಂಗಡಿ ಮಾಗಡಿ ರಸ್ತೆಯಲ್ಲಿ, ಬ್ಯಾಡರಹಳ್ಳಿ ದಾಟಿದ ಮೇಲೆ. ನಾವು ಮೂವರೂ ಆಟೋದಲ್ಲಿ ಹೋದೆವು. ಹೊರಗೆ ಸಾಲಾಗಿ ಕೆಂಪು, ನೀಲಿ ಬಣ್ಣದ ಯಂತ್ರಗಳು, ಬಾಗಿದ ಬ್ಲೇಡುಗಳೆಲ್ಲ ಹೊಸ ಕುಡುಗೋಲಿನಂತೆ ಹೊಳೆಯುತ್ತಿದ್ದವು. ಹಗ್ಗ ಹಿಡಿದು ಬಂದ ಹೊಲದಮ್ಮನನ್ನು ನೋಡಿ ಅಂಗಡಿಯವನು, "ಏನಜ್ಜಿ, ಹಸು ಯಾಪಾರಕ್ಕೆ ಬಂದ್ರಾ? ಸಂತೆ ಈ ಕಡೆ ಅಲ್ಲ" ಎಂದು ನಕ್ಕ.

"ನಿನ್ ಮಿಸನ್ನು ಆಲು ಕೊಡ್ತದೆ ಅಂದ್ರೆ ಇದೇ ಅಗ್ಗದಲ್ಲಿ ಒಡ್ಕೊಂಡೋಯ್ತೀನಿ, ತೋರ್ಸು" ಎಂದರು ಇವರು. ಅವನು ಅಲ್ಲಿಗೇ ಮೆತ್ತಗಾದ.

ಮೊದಲು ದೊಡ್ಡದೊಂದನ್ನು ತೋರಿಸಿದ. ಅಗಲ ಹೆಚ್ಚಿದ್ದರೆ ಕೆಲಸ ಬೇಗ, ಎಲ್ಲರೂ ಇದನ್ನೇ ಒಯ್ಯುತ್ತಾರೆ ಎಂದ. ನಮ್ಮ ಯಜಮಾನರು, ಅದನ್ನು ಎತ್ತಿದರೆ ನಮ್ಮ ಪುಟ್ಟ ಗಾಡಿಯ ಮೂತಿಯೇ ಮೇಲೇಳುತ್ತದೆ, ಬೇಡ ಎಂದರು. ಇನ್ನೊಂದು ತೀರ ಹಗುರ, ಹೂವಿನ ಮಡಿ ಕೆದಕುವುದಕ್ಕೆ ಸರಿ, ಗಟ್ಟಿ ನೆಲದ ಮೇಲೆ ಕುಣಿಯುತ್ತದೆ. ಕೊನೆಗೆ ಉಳಿದದ್ದು ಎರಡು. ಒಂದರ ಪಕ್ಕದ ಪೆಟ್ಟಿಗೆಯಲ್ಲಿ ಗೇರು, ಇನ್ನೊಂದರಲ್ಲಿ ಚೈನು. ಟ್ರ್ಯಾಕ್ಟರಿನ ಶಕ್ತಿ ಬ್ಲೇಡಿಗೆ ಹೋಗುವುದು ಆ ಪೆಟ್ಟಿಗೆಯ ಮೂಲಕ. ನಮ್ಮ ಯಜಮಾನರು ಎರಡರ ಮುಚ್ಚಳವನ್ನೂ ತೆಗೆಸಿ, ಕನ್ನಡಕ ಹಣೆಗೇರಿಸಿ ನೋಡಿ, "ಗೇರಿಂದೇ ತಗೊಳ್ರಮ್ಮ. ಕಲ್ಲು ಗಿಲ್ಲು ಸಿಕ್ಕರೂ ತಡ್ಕೊಳ್ತದೆ. ಚೈನು ಒಳ್ಳೇ ಮಣ್ಣಿಗೆ ಸರಿ" ಎಂದರು.

ಹೊಲದಮ್ಮ ಗೇರಿನದರ ಬೆನ್ನ ಮೇಲೆ ಹಗ್ಗ ಹಾಸಿದರು. ಈ ಅಂಚಿನಿಂದ ಆ ಅಂಚಿಗೆ.

ಅದು ಗಂಟು ದಾಟಿತ್ತು. ಹಗ್ಗದ ತುದಿ ದಾಟಿರಲಿಲ್ಲ.

ಮತ್ತೊಮ್ಮೆ ಹಾಸಿದರು. ಎಳೆದು ಹಾಸಿದರು, ಸಡಿಲ ಬಿಟ್ಟು ಹಾಸಿದರು. ಅಂಚು ಗಂಟಿಗೂ ತುದಿಗೂ ನಡುವೆಯೇ ನಿಂತಿತು. "ಹೋಗ್ತದಲ್ಲಮ್ಮ, ಎರಡು ಬೆರಳು ಜಾಗ ಉಳೀತದೆ. ಓಣೀಲಿ ನಾನೇ ಮುಂದೆ ನಿಂತು ಹಿಡಿಸ್ತೀನಿ" ಎಂದರು ನಮ್ಮವರು. ಅದೇ ಗೇರಿನದರಲ್ಲಿ ಒಂದಳತೆ ಚಿಕ್ಕದು ಇಲ್ಲವೇ ಎಂದು ಕೇಳಿದರು, ಬರುವುದಿಲ್ಲ ಎಂದ ಅಂಗಡಿಯವನು. ಯಂತ್ರವನ್ನು ಹೊಲದಲ್ಲೇ ಬಿಟ್ಟರಾಯಿತು ಎಂದೆ ನಾನು. ಆದರೂ ಒಂದು ಸಲ ಓಣಿ ದಾಟಲೇಬೇಕು, ಬಿಟ್ಟರೆ ಗುಜರಿಯವರ ಪಾಲು. ಅಂಗಡಿಯವನು ತನ್ನ ಬುದ್ಧಿ ತೋರಿಸಿದ. "ಕಲ್ಲು ತಾನೇ ಅಜ್ಜಿ? ಒಂದಡಿ ಪಕ್ಕಕ್ಕೆ ಇಡ್ಸಿ, ಒಂದ್ ಪೂಜೆ ಮಾಡ್ಸಿಬಿಡಿ. ಎಲ್ರೂ ಮಾಡ್ತಾರೆ."

ಹೊಲದಮ್ಮ ಅವನ ಮುಖ ನೋಡಲಿಲ್ಲ, ನನ್ನ ಮುಖ ನೋಡಿದರು. "ಅವ್ನೇ ಸಾಕ್ಸಿ ಕಣ್ ತಾಯಿ. ಸಾಕ್ಸೀನೇ ಅಲ್ಲಾಡ್ಸಿ, ಮೈ ತಿಕ್ಕೊಂಡ್ ಓದ್ರೆ, ನಾಳೆ ನನ್ ಮಾತ್ ಯಾರ್ ಇಡೀತಾರೆ? ನಾನೂ ಆ ಉಡ್ಗಾನೂ ಕೈಯಿಟ್ಟಿರೋ ಜಾಗ ಅದು."

ನನಗೆ ಆ ಮಾತು ಸರಿಯೆನಿಸಿತು. ಇವತ್ತಿಗೂ ಅದನ್ನು ತಪ್ಪೆನ್ನಲು ನನಗೆ ಬಾಯಿ ಬರುವುದಿಲ್ಲ... ಅದೇ ನನ್ನ ಸಂಕಟ.

ಚೈನಿನದು ಗಂಟಿನೊಳಗೆ ಕೂತಿತು. ಅದನ್ನೇ ತಂದೆವು.

ಯುಗಾದಿಯ ದಿನ ಆ ಕಡೆಯವರು ವರ್ಷದ ಮೊದಲ ಉಳುಮೆ ಮಾಡುತ್ತಾರೆ. ಹೊನ್ನಾರು ಎನ್ನುವುದು. ಯಾರ ಹೆಸರಿಗೆ ಆ ವರ್ಷ ಒಳ್ಳೆಯದೆಂದು ಪಂಚಾಂಗದಲ್ಲಿ ಬರುತ್ತದೋ ಅವರು ಮೊದಲು ನೇಗಿಲ ಮೇಳಿ ಹಿಡಿಯಬೇಕು. ಗುಡಿಯ ಪೂಜಾರಪ್ಪನ ಹತ್ತಿರ ಕೇಳಿಕೊಂಡು ಬಂದ ಹೊಲದಮ್ಮ ನೇರ ನಮ್ಮ ಅಡುಗೆಮನೆಯ ಕಿಟಕಿಗೆ ಬಂದರು. ಒಬ್ಬಟ್ಟಿಗೆ ಹೂರಣ ರುಬ್ಬುತ್ತಿದ್ದೆ. "ಈ ವರ್ಸ ನಿನ್ ಎಸ್ರಿಗೆ ಬಂದೈತೆ. ಬಾ."

"ಅಯ್ಯೋ ನಾನಾ? ಹೆಂಗಸರು ಹಿಡೀತಾರಾ ಅಮ್ಮ? ನಮ್ಮನೆಯವರನ್ನ ಕರ್ಕೊಂಡು ಹೋಗಿ."

"ಅವರ್ ಎಸ್ರಿಗ್ ಬಂದಿಲ್ಲ. ಗಂಡೋ ಎಣ್ಣೋ ಪಂಚಾಂಗದಾಗ್ ಬರ್ದಿಲ್ಲ. ಕೈ ತೊಳ್ಕೊಂಡ್ ಬಾ."

ರೇಷ್ಮೆ ಸೀರೆಯಲ್ಲೇ ಟ್ರ್ಯಾಕ್ಟರ್ ಹತ್ತಿ ಕೂತೆ. ಅವರು ಪಕ್ಕದ ಮಡ್‌ಗಾರ್ಡಿನ ಮೇಲೆ ಕೂತು ನನ್ನ ಕೈಯ ಮೇಲೆ ಕೈಯಿಟ್ಟರು. ಮುಂದಿನ ಚಕ್ರಕ್ಕೆ ಮಾವಿನೆಲೆ, ಯಂತ್ರದ ಬೆನ್ನಿಗೆ ವಿಭೂತಿ. ನಮ್ಮವರು ಓಣಿಯಲ್ಲಿ ಹಿಂದಕ್ಕೆ ಹಿಂದಕ್ಕೆ ನಡೆಯುತ್ತ, "ಬನ್ನಿ, ಬನ್ನಿ, ಎಡಕ್ಕೆ" ಎಂದು ಕೈಯಾಡಿಸಿದರು. ಮುನಿಯಪ್ಪನ ಎದುರು ಬಂದಾಗ ಹೊಲದಮ್ಮ ಉಸಿರು ಬಿಗಿಹಿಡಿದದ್ದು ನನಗೆ ತಿಳಿಯಿತು. ಯಂತ್ರಕ್ಕೂ ಕಲ್ಲಿಗೂ ನಡುವೆ ಒಂದು ಗೇಣು ಜಾಗ ಬಿಟ್ಟುಕೊಂಡು, ಸೀರೆಯಂಚು ಕೂಡ ಸೋಕದಂತೆ ದಾಟಿತು. ಹೊಲದ ಬಾಯಲ್ಲಿ ಬ್ಲೇಡು ಇಳಿಸಿ ಮೂರು ಸುತ್ತು ಹಾಕಿದೆವು. ಹಿಂದೆ ತಿರುಗಿ ನೋಡಿದರೆ ಕಲ್ಲಿನಂತಿದ್ದ ನೆಲ ಹುಡಿ ಹುಡಿಯಾಗಿ, ಹುರಿಹಿಟ್ಟಿನ ಹಾಗೆ ಎದ್ದು ಕೂತಿತ್ತು. ಆ ಮಣ್ಣಿನ ವಾಸನೆ... ನಾನು ಏನೂ ಬೇಡಿಕೊಳ್ಳಲಿಲ್ಲ ಅಂದು. ಬೇಡುವುದೇ ಮರೆತುಹೋಗಿತ್ತು. ಬದುಕಿನಲ್ಲಿ ಅಂಥ ಒಂದು ಬೆಳಗನ್ನು ಶಿವ ನನಗೆ ಕೊಟ್ಟ, ಅದನ್ನು ಇಲ್ಲವೆನ್ನಬಾರದು.

ಮಳೆ ಬಂದ ಮೇಲೆ ಇಡೀ ಹೊಲ ಉಳಲು ಇಳಿದರು. ಕಿಟಕಿಯಲ್ಲಿ ನಿಂತು ನೋಡುತ್ತ ಚಪಾತಿ ಹಿಟ್ಟು ನಾದುತ್ತಿದ್ದೆ. ಅರ್ಧಕ್ಕಿಂತ ಕಡಿಮೆ ಹೊಲ ಮುಗಿದಿತ್ತು. ಆಚೆ ಮೂಲೆಯ ಕಡೆ ತಿರುಗಿದ ಕೂಡಲೇ ಒಂದು ಸದ್ದು ಬಂತು, ಪಾತ್ರೆಯ ರಾಶಿ ಒಮ್ಮೆಲೇ ಕುಸಿದಂತೆ. ಟ್ರ್ಯಾಕ್ಟರು ಒಮ್ಮೆ ಹಾರಿ ನಿಂತುಹೋಯಿತು.

ಓಡಿ ಹೋದೆ. ಪುಣ್ಯಕ್ಕೆ ಅವರಿಗೆ ಏನೂ ಆಗಿರಲಿಲ್ಲ. ಮಣ್ಣು ಸರಿಸಿ ನೋಡಿದರೆ ಕೆಳಗೆ ಒಡೆದ ಕಾಂಕ್ರೀಟು, ಅದರಿಂದ ಹೊರಚಾಚಿದ ಕಬ್ಬಿಣದ ಸರಳು, ಟೈಲ್ಸಿನ ಚೂರು. ಯಾರೋ ತಮ್ಮ ಹಳೆಯ ಮನೆ ಕೆಡವಿದ ಮಣ್ಣನ್ನು ಗೋಡೆಯ ಮೇಲಿಂದ ಅಲ್ಲಿ ಸುರಿದು, ಮೇಲೆ ತೆಳ್ಳಗೆ ಮಣ್ಣು ಹರಡಿ, ಏನೂ ಆಗದವರಂತೆ ಹೋಗಿದ್ದರು. ಯಾರೆಂದು ಇಂದಿಗೂ ಗೊತ್ತಿಲ್ಲ. ಯಾರನ್ನು ಕೇಳಿದರೂ ನಾವಲ್ಲ. ಸರಳು ಬ್ಲೇಡಿಗೆ ಸುತ್ತಿಕೊಂಡು ಪೆಟ್ಟಿಗೆಯೊಳಗೆ ಚೈನು ಹರಿದಿತ್ತು.

ಅಂಗಡಿಯವನು ಬಂದು ಒಯ್ದ. ಚೈನು ಊರಿನಲ್ಲಿಲ್ಲ, ತರಿಸಬೇಕು ಎಂದ. ಬಿತ್ತನೆಯ ಕಾಲ ಒಂದೊಂದು ದಿನವಾಗಿ ಜಾರುತ್ತಿತ್ತು. ಹದ ಮಳೆ ಬಂದು ಹೋಯಿತು. ಹೊಸ ಚೈನು ಹಾಕಿ ತಂದ ದಿನ ಹೊಲದಮ್ಮ ನಮ್ಮನ್ನೆಲ್ಲ ಕರೆದು, ಕಾಯಿ ಒಡೆದು, ಮೆಲ್ಲಗೆ, ಮಗುವನ್ನು ನಡೆಸುವಂತೆ ನಡೆಸಿದರು. ಸಿಕ್ಕಿದ ಕಲ್ಲನ್ನೆಲ್ಲ ಮೊದಲೇ ಆಯ್ದಿದ್ದೆವು. ಆದರೆ ನೆಲದೊಳಗಿನದು ಕಣ್ಣಿಗೆ ಕಾಣುತ್ತದೆಯೇ? ಎರಡನೆಯ ಸಲ ಪೆಟ್ಟಿಗೆಯೇ ಸೀಳಿತು. ಅಂಗಡಿಯವನು ನೋಡಿ ತಲೆಯಾಡಿಸಿದ.

"ಗೇರಿಂದಾಗಿದ್ರೆ..." ಎಂದೆ ಅಂದು ಸಂಜೆ, ನಮ್ಮ ಯಜಮಾನರ ಎದುರು. ಅವರು, "ತಡ್ಕೊಳ್ತಿತ್ತೇನೋ. ತಡ್ಕೊಳ್ತಾ ಇರ್ಲಿಲ್ವೇನೋ. ಆ ಮಾತು ಅವರ ಮುಂದೆ ಆಡಬೇಡ" ಎಂದರು. ಆಡಲಿಲ್ಲ. ಹೊಲದಮ್ಮನೂ ಆಡಲಿಲ್ಲ. ಆದರೆ ಹಗ್ಗವನ್ನು ಮಾತ್ರ ಮರುದಿನ ತಂದು ನನ್ನ ಕೈಗೆ ಕೊಟ್ಟರು. "ಬಟ್ಟೆ ಒಣಗಾಕ್ಕೊ ತಾಯಿ. ನಂಗಿದ್ರ ಮಕ ನೋಡಾಕಾಗಕಿಲ್ಲ."

ಆಮೇಲೆ ಗುದ್ದಲಿ ಹಿಡಿದರು. ನಾನೂ ಹೋದೆ, ಕೈಯಲ್ಲಿ ಬೊಬ್ಬೆ ಎದ್ದಿತು, ಬೆನ್ನು ಹಿಡಿಯಿತು. ನಮ್ಮವರು ಕೆಲಸ ಮುಗಿಸಿ ಬಂದು ಒಂದಿಷ್ಟು ಅಗೆದರು. ಕೂಲಿಗೆ ಕರೆದರೆ ಕಟ್ಟಡದ ಕೆಲಸ ಬಿಟ್ಟು ಯಾರು ಬರುತ್ತಾರೆ? ಅಗೆದಷ್ಟೂ ಗಾಜು, ಅಗೆದಷ್ಟೂ ಟೈಲ್ಸು. ಮೊದಲು ಉತ್ತಿದ್ದ ಭಾಗದ ಮೇಲೆ ಮಳೆ ಬಿದ್ದು ಹಪ್ಪಳದಂತೆ ಕಟ್ಟಿಕೊಂಡು ಕಳೆ ಎದ್ದಿತ್ತು. ಕೊನೆಗೆ ಹೊಲದಮ್ಮನ ಮಂಡಿ ಊದಿ, ಕೂತರೆ ಏಳಲಾಗದೆ, ಎದ್ದರೆ ಕೂರಲಾಗದೆ... ರಾಗಿ ಬಿತ್ತುವ ಕಾಲ ಮುಗಿದುಹೋಯಿತು. ಬೇಲಿಯುದ್ದಕ್ಕೂ ಒಂದೇ ಒಂದು ಸಾಲು ಅವರೆ ಊರಿದ್ದರು, ಅದು ಮಾತ್ರ ಎದ್ದಿತು. ಅಕ್ಕಪಕ್ಕ ರಾಗಿಯಿಲ್ಲದ ಒಂಟಿ ಅಕ್ಕಡಿ ಸಾಲು.

ದಿನವೂ ಲಿಂಗಪೂಜೆಯಲ್ಲಿ ಕೂತಾಗ ಆ ಹೊಲಕ್ಕಾಗಿ ಬೇಡಿಕೊಂಡೆ. ನನಗಾಗಿ, ನನ್ನ ಮಕ್ಕಳಿಗಾಗಿ ಹಾಗೆ ಬೇಡಿಕೊಂಡವಳಲ್ಲ ನಾನು.

ಆಯುಧಪೂಜೆಯ ದಿನ ಹೊಲದಮ್ಮ ಟ್ರ್ಯಾಕ್ಟರು ತೊಳೆದರು. ಸೀಳಿಹೋದ ಆ ರೋಟವೇಟರನ್ನೂ ತೊಳೆದು, ವಿಭೂತಿ ಬಳಿದು, ಹೂ ಮುಡಿಸಿ, ಬೂದುಗುಂಬಳ ಒಡೆದರು. "ಅದೇನ್ ಮಾಡೀತು ಪಾಪ, ಅದ್ರ್ ಕೈಲಾದಷ್ಟ್ ಮಾಡ್ತು" ಎಂದರು. ಮಾರನೆಯ ದಿನ, ವಿಜಯದಶಮಿಯ ಬೆಳಗ್ಗೆ, ಮೈದುನನ ಮಗ ಬಂದ.

ಅವನನ್ನು ಕೆಟ್ಟವನೆಂದು ಬರೆದರೆ ನನಗೆ ಪಾಪ ಬರುತ್ತದೆ. ದೊಡ್ಡವ್ವನಿಗೆ ಹಬ್ಬದ ಸೀರೆ, ಬಾಳೆಹಣ್ಣು ತಂದಿದ್ದ. ಮಂಡಿ ಹೇಗಿದೆ ಎಂದು ವಿಚಾರಿಸಿದ. ಆಮೇಲೆ ಚಪ್ಪಲಿ ಬಿಟ್ಟು ಮುನಿಯಪ್ಪನ ಮುಂದೆ ನಿಂತ. ನಾವು ಗೋಡೆಯ ಈಚೆ ನಿಂತಿದ್ದೆವು.

"ದೊಡ್ಡವ್ವ, ಇಷ್ಟ್ ವರ್ಷ ಒಂದ್ ದಿನ ಬಂದು ಕೇಳಿದೀನಾ?"

"ಇಲ್ಲ ಕಣಪ್ಪ."

"ಈ ವರ್ಷ ಕೇಳ್ತಾ ಇದೀನಿ. ಹೊಲ ಬಿತ್ತಿದೀಯಾ?"

ನನಗೆ ತಡೆಯಲಾಗಲಿಲ್ಲ. "ಬಿತ್ತಿದಾರಲ್ಲಪ್ಪ, ಅಲ್ಲಿ ನೋಡು, ಅವರೆ ಹೂ ಬಿಟ್ಟಿದೆ" ಎಂದೆ. ಅವನು ಅತ್ತ ನೋಡಿದ. ನಿಜಕ್ಕೂ ಹೂ ಬಿಟ್ಟಿತ್ತು. ಬಿಳಿಯ ಹೂ, ಬೇಲಿಯುದ್ದಕ್ಕೂ. ಅವನ ಮುಖದಲ್ಲಿ ಗೆಲುವಿರಲಿಲ್ಲ.

"ಆಯ್ತು ಆಂಟಿ. ದೊಡ್ಡವ್ವನ ಬಾಯಲ್ಲಿ ಬಿತ್ತಿದೀನಿ ಅಂತ ಬರ್ಲಿ, ಇಲ್ಲೇ, ಇವನ ಮುಂದೆ. ನಾನು ಹಿಂಗೇ ಹೊಂಟೋಯ್ತೀನಿ. ಮುಂದಿನ ವರ್ಷದ ಗಂಟ ಈ ಕಡೆ ತಲೆ ಹಾಕಲ್ಲ."

ಒಂದು ಮಾತು. ಒಂದೇ ಒಂದು ಮಾತು ಸಾಕಾಗಿತ್ತು. ಸುಳ್ಳೂ ಅಲ್ಲ ಅದು, ಒಂದು ಸಾಲು ಬಿತ್ತಿರಲಿಲ್ಲವೇ? ಹೇಳಿಬಿಡಿ ಅಮ್ಮ, ಹೇಳಿಬಿಡಿ ಎಂದು ಕೊರಳಿನ ಲಿಂಗ ಹಿಡಿದುಕೊಂಡು ನಿಂತಿದ್ದೆ. ಹೊಲದಮ್ಮ ಕಲ್ಲನ್ನು ನೋಡಿದರು. ಸೆರಗು ಸರಿಮಾಡಿಕೊಂಡರು.

"ಇಲ್ಲ ಕಣ್ ಮಗ. ಹೊಲ ಬಿತ್ತಿಲ್ಲ. ಒಂದ್ ಸಾಲ್ ಹಾಕಿವ್ನಿ, ಅಷ್ಟೆ."

ಅವನು ತಲೆ ತಗ್ಗಿಸಿದ. ಎದುರು ಮನೆಯ ಕುಕ್ಕರು ಕೂಗಿದ್ದು ನೆನಪಿದೆ.

ಅವರೆ ಬಲಿಯುವ ತನಕ ಅವನು ಕಾದ, ಅಷ್ಟು ದೊಡ್ಡತನ ತೋರಿಸಿದ. ಕೊನೆಯ ಮೊರ ನಮ್ಮ ಕಿಟಕಿಗೇ ಬಂತು. ಹಿತಕಿದ ಬೇಳೆ ಸಾರು ಮಾಡಿದೆ. ಗಂಟಲಲ್ಲಿ ಇಳಿಯಲಾರದು ಎಂದುಕೊಂಡಿದ್ದೆ. ಇಳಿಯಿತು. ಬಹಳ ರುಚಿಯಾಗಿತ್ತು. ಅದಕ್ಕೇ ಇನ್ನಷ್ಟು ಅತ್ತೆ.

ಹೊಲದಮ್ಮ ಕೆಂಗೇರಿಯ ಮಗಳ ಮನೆಗೆ ಹೋದರು. ಒಮ್ಮೆ ನೋಡಲು ಹೋಗಿದ್ದೆ. ಮೇಲಿನ ಮಹಡಿ, ಬಾಲ್ಕನಿಯಲ್ಲಿ ಪ್ಲಾಸ್ಟಿಕ್ ಕುರ್ಚಿ. ಮಗಳು ಚೆನ್ನಾಗಿಯೇ ನೋಡಿಕೊಂಡಿದ್ದಳು, ಆ ಮಾತಿಗೆ ಕೊರತೆಯಿಲ್ಲ. ಆದರೆ ಹೊಲದಮ್ಮನ ಕೈ... ಬೆರಳ ಸಂದಿಯ ಕಪ್ಪೆಲ್ಲ ಹೋಗಿ, ನೀರಿನಲ್ಲಿ ನೆನೆದ ಹಾಗೆ ಬೆಳ್ಳಗಾಗಿತ್ತು. ಹೊಲದ ಸುದ್ದಿ ಕೇಳಲಿಲ್ಲ. "ಮುನಿಯಪ್ಪಂಗ್ ದೀಪ ಅಚ್ತಾ ಇದೀಯಾ?" ಎಂದರು. ಹಚ್ಚುತ್ತಿದ್ದೇನೆ ಎಂದೆ. "ಅವ್ನ್ ಮೇಲ್ ಕ್ವಾಪ ಇಟ್ಕಾಬ್ಯಾಡ. ಅವ್ನು ಮಾತ್ ತಪ್ಪಿಲ್ಲ" ಎಂದರು.

ಆ ಮಾತು ನನ್ನೊಳಗೆ ಮುಳ್ಳಿನಂತೆ ಮುರಿದು ಉಳಿದಿದೆ. ಹೌದು, ಯಾರೂ ಮಾತು ತಪ್ಪಲಿಲ್ಲ. ಹುಡುಗ ತಪ್ಪಲಿಲ್ಲ, ಹೊಲದಮ್ಮ ತಪ್ಪಲಿಲ್ಲ, ದೇವರೂ ತಪ್ಪಲಿಲ್ಲ. ಯಾರಾದರೂ ಒಬ್ಬರು ತಪ್ಪಿದ್ದರೆ ಆ ಹೊಲ ಉಳಿಯುತ್ತಿತ್ತು. ಪೂಜೆಯಲ್ಲಿ ಕೂತಾಗ ಇದನ್ನು ಕೇಳುತ್ತೇನೆ. ಅಂಗೈಯಲ್ಲಿರುವವನು ಸುಮ್ಮನಿರುತ್ತಾನೆ.

ಮುಂದಿನ ಮಳೆಗಾಲ ಬರುವ ಮುನ್ನ ಹೊಲದಮ್ಮ ತೀರಿಕೊಂಡರು. ಸುದ್ದಿ ನಮಗೆ ತಡವಾಗಿ ತಿಳಿಯಿತು, ಮಣ್ಣಿಗೆ ಹೋಗಲಾಗಲಿಲ್ಲ.

ಆಮೇಲೆ ಹುಡುಗ ಹೊಲವನ್ನು ಬಿಲ್ಡರಿಗೆ ಕೊಟ್ಟ, ಎದುರು ಮನೆಯವರೂ ಅದೇ ಬಿಲ್ಡರಿಗೆ ಮಾರಿ ಹೋದರು. ಆ ಮನೆ ಕೆಡವಿದರು, ಓಣಿ ರಸ್ತೆಯಾಯಿತು. ಮುನಿಯಪ್ಪನನ್ನು ಎತ್ತಿದ್ದು ಒಂದು ಜೆಸಿಬಿ. ಒಂದು ಕಾಯಿ ಒಡೆದರು, ಕರ್ಪೂರ ಹಚ್ಚಿದರು. ಡ್ರೈವರು ಹುಡುಗ ಸಿಗರೇಟು ಬಿಸುಟು ಕೈ ಮುಗಿದು ಹಲ್ಲಿನ ಬಕೀಟು ಇಳಿಸಿದ. ಯಾವ ಕಬ್ಬಿಣ ಒಂದು ಗೇಣು ದೂರವಿರಬೇಕೆಂದು ಆಕೆ ಗಂಟು ಹಾಕಿದ್ದರೋ, ಆ ಕಬ್ಬಿಣವೇ ಅವನನ್ನು ಬುಡಸಹಿತ ಎತ್ತಿಕೊಂಡಿತು. ಏನೂ ಆಗಲಿಲ್ಲ. ಆಕಾಶ ಕೆಂಪಾಗಲಿಲ್ಲ, ಗಾಡಿ ಕೆಡಲಿಲ್ಲ. ನೀರು ಕುಡಿದು ಕೆಲಸ ಮುಂದುವರಿಸಿದರು. ಎಸೆಯದೆ ಅಪಾರ್ಟ್‌ಮೆಂಟಿನ ಗೇಟಿನ ಪಕ್ಕ ಬಚ್ಚಲಿನ ಟೈಲ್ಸ್ ಹಚ್ಚಿದ ಒಂದು ಗೂಡು ಕಟ್ಟಿ ಒಳಗಿಟ್ಟಿದ್ದಾರೆ, ಅದನ್ನೂ ಪುಣ್ಯದ ಲೆಕ್ಕಕ್ಕೇ ಸೇರಿಸಬೇಕು. ನಾನು ಸೇರಿಸುತ್ತೇನೆ. ಸೇರಿಸಿ ಸೇರಿಸಿ ಸಾಕಾಗಿದೆ.

ಸೋಮವಾರ ಸಂಜೆ ದೀಪ ಹಚ್ಚಲು ಹೋದಾಗ ಆ ಹಗ್ಗವನ್ನು ಸೆರಗಿನಡಿ ಇಟ್ಟುಕೊಂಡು ಹೋಗಿದ್ದೆ. ಯಾಕೆಂದು ಕೇಳಿದರೆ ಹೇಳಲಾರೆ. ಸಿಮೆಂಟಿನ ಲಾರಿಯೊಂದು ಒಳಗೆ ಹೋಗಿ, ಇನ್ನೊಂದು ಅದರ ಪಕ್ಕದಲ್ಲೇ ಹೊರಗೆ ಬಂತು. ಅವು ದಾಟಿದ ಮೇಲೆ, ಮೊದಲು ಕಲ್ಲಿದ್ದ ಜಾಗದಲ್ಲಿ ನಮ್ಮ ಗೋಡೆಗೆ ಬೆನ್ನು ಕೊಟ್ಟು ನಿಂತೆ. ಹಗ್ಗದ ಒಂದು ತುದಿ ನನ್ನ ಕೈಯಲ್ಲಿ, ಅವತ್ತಿನಂತೆಯೇ. ಇನ್ನೊಂದು ತುದಿಯನ್ನು ಎದುರು ಗೋಡೆಗೆ ಹಿಡಿಯಲು ಯಾರೂ ಇರಲಿಲ್ಲ, ಎದುರು ಗೋಡೆಯೂ ಇರಲಿಲ್ಲ. ಹಗ್ಗ ನನ್ನ ಕಾಲ ಬಳಿ ಟಾರಿನ ಮೇಲೆ ಬಿದ್ದುಕೊಂಡಿತ್ತು, ಗಂಟಿನೊಂದಿಗೆ.